ಕಡ್ಡಿ ಚುಚ್ಚುವ ಹೊತ್ತು

ಹಣ್ಣಿನ ಐಸ್ ಕಡ್ಡಿ ಮಾಡುವುದರಲ್ಲಿ ಏನು ಮಹಾ ವಿದ್ಯೆ ಇದೆ ಎನ್ನುವವರು ಒಂದು ಸಲ ಮಾಡಿ ನೋಡಬೇಕು. ಹಣ್ಣು ರುಬ್ಬಿ ಅಚ್ಚಿಗೆ ಸುರಿದ ಕೂಡಲೇ ಕಡ್ಡಿ ಇಟ್ಟರೆ ಅದು ಕುಡುಕನ ಹಾಗೆ ಒಂದು ಪಕ್ಕಕ್ಕೆ ವಾಲುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಚುಚ್ಚಹೋದರೆ ಕಡ್ಡಿಯೇ ಮುರಿಯುತ್ತದೆ. ಇವೆರಡರ ನಡುವೆ, ರಸ ನೀರೂ ಅಲ್ಲದ ಗಡ್ಡೆಯೂ ಅಲ್ಲದ ಒಂದು ಹೊತ್ತಿದೆ. ಫ್ರೀಜರಿನಲ್ಲಿಟ್ಟು ಒಂದೂಕಾಲು ಗಂಟೆ, ಬಿಸಿಲು ಜೋರಾಗಿದ್ದರೆ ಒಂದೂವರೆ. ಆಗ ಚುಚ್ಚಿದರೆ ಕಡ್ಡಿ ನೆಟ್ಟಗೆ ನಿಲ್ಲುತ್ತದೆ. ಸುತ್ತಲೂ ಚಿಕ್ಕದೊಂದು ಕುಳಿ ಬೀಳುತ್ತದೆ, ಎರಡು ನಿಮಿಷದಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಆ ಬೇಸಿಗೆಯಲ್ಲಿ ಕಡ್ಡಿ ಚುಚ್ಚುವ ಕೆಲಸ ಅಜ್ಜಿಯ ಪಾಲಿಗೆ ಬಂದಿತ್ತು.

ಉಳಿದ ಕೆಲಸವೆಲ್ಲ ಮಗಳದು. ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವವಳು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಜನ್ನು ಪಕ್ಕಕ್ಕೆ ಎಸೆಯುವ ಕೈ. ಬೆಳಿಗ್ಗೆ ಆರಕ್ಕೆ ಎದ್ದು ಹಣ್ಣು ತೊಳೆಯುತ್ತಿದ್ದಳು. ಕಲ್ಲಂಗಡಿಯಾದರೆ ಬೀಜ ತೆಗೆದು, ಮಾವಾದರೆ ನಾರು ಸೋಸಿ, ಬಾಳೆಯಾದರೆ ಸ್ವಲ್ಪ ತೆಂಗಿನ ಹಾಲು ಸೇರಿಸಿ ರುಬ್ಬಿ ನಾಲ್ಕು ಅಚ್ಚಿಗೆ ತುಂಬುತ್ತಿದ್ದಳು. ಮೂರರ ಮುಚ್ಚಳ ಬಿಳಿ, ಒಂದರದು ಕೆಂಪು. ಕೆಂಪು ಮುಚ್ಚಳದ್ದು ಮೊಮ್ಮಗಳದು. ಏಳೂವರೆಗೆ ಅಚ್ಚು ಫ್ರೀಜರಿಗೆ, ಎಂಟಕ್ಕೆ ಮಗಳು ಅಂಗಡಿಗೆ. ಒಂಬತ್ತಕ್ಕೆ ಕಡ್ಡಿ ಚುಚ್ಚಲು ಅವಳು ಮನೆಯಲ್ಲಿ ಇರುತ್ತಿರಲಿಲ್ಲ. ಅಳಿಯನಂತೂ ದೂರದ ಅಣೆಕಟ್ಟಿನ ಕೆಲಸದಲ್ಲಿದ್ದ, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಅದಕ್ಕೇ ಶಾಲೆಗೆ ರಜೆ ಬಿಟ್ಟ ಕೂಡಲೇ ಅಜ್ಜಿಯನ್ನು ಕರೆಸಿಕೊಂಡದ್ದು.

ಮೊಮ್ಮಗಳಿಗೆ ಏಳು ವರ್ಷ. ಎದ್ದ ಗಳಿಗೆಯಿಂದ ಮಲಗುವವರೆಗೆ ಬಾಯಿ ಮುಚ್ಚದ ಕಾರಣ ಮನೆಯಲ್ಲಿ ಅವಳನ್ನು ಜೀರುಂಡೆ ಎಂದೇ ಕರೆಯುತ್ತಿದ್ದರು. ಈ ಜೀರುಂಡೆಗೆ ಹಾಲು ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಎಂದರೆ ಹೊಟ್ಟೆ ಕೆಡುತ್ತದೆ, ನೆಗಡಿ ಬರುತ್ತದೆ ಎನ್ನುವ ಹಾಗಲ್ಲ. ಎರಡೂವರೆ ವರ್ಷದವಳಿದ್ದಾಗ ಯಾರೋ ಮುದ್ದಿಗೆ ಒಂದು ಚಮಚ ಮೊಸರು ನೆಕ್ಕಿಸಿದ್ದರು. ಹತ್ತು ನಿಮಿಷದಲ್ಲಿ ಮಗುವಿನ ಗಂಟಲು ಊದಿ ಉಸಿರು ಕಟ್ಟಿ, ಆಸ್ಪತ್ರೆಯ ಬಾಗಿಲಲ್ಲಿ ಅದು ಸತ್ತೇ ಹೋಯಿತು ಎಂದುಕೊಂಡಿದ್ದರು. ಅಂದಿನಿಂದ ಆ ಮನೆಯೊಳಗೆ ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದಕ್ಕೂ ಪ್ರವೇಶವಿರಲಿಲ್ಲ. ಬಾಗಿಲ ಪಕ್ಕದ ಮೊಳೆಗೆ ಹಳದಿ ಚೀಲವೊಂದು ನೇತಾಡುತ್ತಿತ್ತು. ಅದರೊಳಗೆ ತೊಡೆಗೆ ಚುಚ್ಚುವ ಎರಡು ಸೂಜಿಪೆನ್ನು. ಉಸಿರು ಕಟ್ಟಿದರೆ ಬಟ್ಟೆಯ ಮೇಲಿಂದಲೇ ಚುಚ್ಚಿ ಆಸ್ಪತ್ರೆಗೆ ಓಡಬೇಕು ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಸಿಹಿಸುದ್ದಿ ಕೇಳಿದವರು ಹಾಲು ಕುಡಿದಷ್ಟು ಸಂತೋಷವಾಯಿತು ಎನ್ನುತ್ತಾರಲ್ಲ, ಆ ಮಾತನ್ನು ಕೂಡ ಅಲ್ಲಿ ಯಾರೂ ಆಡುತ್ತಿರಲಿಲ್ಲ.

ಹೊರಗೆ ಎಲ್ಲಿ ಹೋದರೂ ಜೀರುಂಡೆ ಮೊದಲು ಕೇಳಬೇಕು. ಇದರಲ್ಲಿ ಏನಿದೆ, ಯಾರು ಮಾಡಿದ್ದು, ಚಮಚ ಯಾವುದು. ಕೇಳದೆ ಬಾಯಿಗಿಡಬಹುದಾದ ಒಂದೇ ಒಂದು ಪದಾರ್ಥ ಎಂದರೆ ಸಂಜೆ ಐದಕ್ಕೆ ಅಮ್ಮ ಫ್ರೀಜರಿನಿಂದ ತೆಗೆದು ಕೊಡುವ ಐಸ್ ಕಡ್ಡಿ. ಮಗಳ ಕಟ್ಟಪ್ಪಣೆ ಅದು: ಅಚ್ಚನ್ನು ನೀರಲ್ಲಿ ಅದ್ದಿ ಬಿಡಿಸುವುದು, ಮಗುವಿನ ಕೈಗೆ ಕೊಡುವುದು, ಎರಡೂ ತಾನೇ. "ನನ್ನ ಕೈಯಿಂದ ಬಂದಿದ್ದು ಅಂದ್ರೆ ಅವಳು ಕಣ್ಣು ಮುಚ್ಕೊಂಡು ತಿನ್ಬೇಕು, ಅಮ್ಮ. ಅಷ್ಟಾದ್ರೂ ಇರ್ಲಿ ಅವಳಿಗೆ," ಎಂದಿದ್ದಳು. ಅಜ್ಜಿ ಈ ಅಪ್ಪಣೆಯನ್ನು ಒಂದು ದಿನವೂ ಮೀರಲಿಲ್ಲ.

ಅಜ್ಜಿಯದು ಮಾಮೂಲಿ ತಲೆಯಲ್ಲ. ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ ಬಣ್ಣ ಬೆರೆಸಿದವಳು. ಗಿರಾಕಿ ಬೆರಳಗಲದ ತುಂಡು ತಂದುಕೊಟ್ಟು ಇದೇ ಬಣ್ಣ ಬೇಕು ಎಂದರೆ, ಕಡಾಯಿಯ ಮುಂದೆ ನಿಂತು ಹನಿ ಹನಿ ಸುರಿದು ಅದೇ ಬಣ್ಣ ತಂದು ನಿಲ್ಲಿಸುತ್ತಿದ್ದಳು. ಮಾಲೀಕರೇ ಬಂದು ಎರಡು ತುಂಡನ್ನು ಪಕ್ಕಪಕ್ಕ ಹಿಡಿದು ಯಾವುದು ಹಳೆಯದು ಯಾವುದು ಹೊಸದು ಎಂದು ತಬ್ಬಿಬ್ಬಾಗುತ್ತಿದ್ದರು. ಬಿಳಿಯನ್ನು ಕೆಂಪು ಮಾಡಬೇಕೆ? ದಿನಕ್ಕೊಂದು ಹನಿ ಹಾಕು, ನೋಡುವ ಕಣ್ಣಿಗೆ ಯಾವ ದಿನವೂ ವ್ಯತ್ಯಾಸ ಕಾಣಬಾರದು. ಈ ವಿದ್ಯೆಯಲ್ಲಿ ಅವಳದು ಎತ್ತಿದ ಕೈ, ಅದನ್ನು ಅವಳೇ ದಿನಕ್ಕೆ ಎರಡು ಸಲ ಹೇಳಿಕೊಳ್ಳುತ್ತಿದ್ದಳು.

ಗಿರಣಿಯಲ್ಲಿ ಅವಳು ಇನ್ನೊಂದು ಸಂಗತಿಯನ್ನೂ ಕಲಿತಿದ್ದಳು. ಹೊಸದಾಗಿ ಸೇರಿದವರ ಕೈ ಮೊದಲ ವಾರವೇ ಕೆರೆದು ದದ್ದು ಏಳುತ್ತಿತ್ತು. ಅರ್ಧ ಜನ ಕೈ ನೋಡಿಕೊಂಡು ಅತ್ತು ಕೆಲಸ ಬಿಟ್ಟು ಓಡುತ್ತಿದ್ದರು. ಹಲ್ಲು ಕಚ್ಚಿ ನಿಂತವರ ಕೈ ಎರಡು ತಿಂಗಳಲ್ಲಿ ಸರಿಹೋಗುತ್ತಿತ್ತು. ಅಜ್ಜಿ ನಿಂತವಳು. ಮೈಗೆ ಕಲಿಸಿದರೆ ಮೈ ಕಲಿಯುತ್ತದೆ ಎಂದು ಅವಳ ನಂಬಿಕೆ, ಆ ನಂಬಿಕೆಯನ್ನು ಬ್ರಹ್ಮ ಬಂದರೂ ಅಲ್ಲಾಡಿಸಲು ಆಗುತ್ತಿರಲಿಲ್ಲ.

ಇಷ್ಟಿದ್ದೂ ಅವಳು ತೆಪ್ಪಗೇ ಇರುತ್ತಿದ್ದಳೋ ಏನೋ. ಕೆಡಿಸಿದ್ದು ಕೆಳಗಿನ ಮನೆಯ ಮಗುವಿನ ಹುಟ್ಟುಹಬ್ಬ. ಹನ್ನೆರಡು ಮಕ್ಕಳು ಮೇಜಿನ ಸುತ್ತ ಗದ್ದಲ ಮಾಡುತ್ತಿದ್ದವು, ಜೀರುಂಡೆ ಮಾತ್ರ ಕಿಟಕಿಯ ಹತ್ತಿರ ಬೇರೆ ಕುರ್ಚಿಯಲ್ಲಿ ತನ್ನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಟಕ್ಕೆ ಕರೆಯಲು ಒಬ್ಬಳು ಓಡಿ ಬಂದಳು. ಹಿಂದಿನಿಂದ ಇನ್ನೊಬ್ಬಳು ಕಿರುಚಿದಳು, "ಅವಳನ್ನ ಮುಟ್ಬೇಡ, ನಿನ್ನ ಕೈಯಲ್ಲಿ ಕ್ರೀಮ್ ಇದೆ, ಅವಳು ಸತ್ತೋಗ್ತಾಳೆ!" ಓಡಿ ಬಂದವಳು ಗಕ್ಕನೆ ನಿಂತು ಎರಡು ಹೆಜ್ಜೆ ಹಿಂದೆ ಹೋದಳು. ಜೀರುಂಡೆ ನಕ್ಕು, "ಹೌದು, ನಿಜ," ಎಂದಳು.

ಅಂದು ಮನೆಗೆ ಬಂದ ಮೇಲೆ ಅಜ್ಜಿ ಮಗಳ ಹತ್ತಿರ ಮಾತು ತೆಗೆದಳು.

"ಅಲ್ಲ ಕಣೇ, ದಿನಾ ಚೂರು ಚೂರು ಕೊಟ್ಟು ರೂಢಿ ಮಾಡ್ಸೋಕೆ ಆಗಲ್ವಾ?"

"ಮಾಡ್ತಾರಮ್ಮ, ದೊಡ್ಡಾಸ್ಪತ್ರೆಯಲ್ಲಿ. ಆದ್ರೆ ರಕ್ತ ಪರೀಕ್ಷೇಲಿ ಅವಳ ಅಲರ್ಜಿಯ ಅಂಕಿ ಇನ್ನೂ ಜಾಸ್ತಿ ಇದೆ. ಅದು ಇಳೀಲಿ, ಒಂದು ವರ್ಷ ಬಿಟ್ಟು ನೋಡೋಣ ಅಂದಿದ್ದಾರೆ. ಮಾಡಿದ್ರೂ ಅವರ ಕಣ್ಣೆದುರಿಗೇ ಮಾಡ್ಬೇಕಂತೆ."

ಈ ಮಾತಿನಲ್ಲಿ "ಮಾಡ್ತಾರಮ್ಮ" ಎಂಬುದಷ್ಟೇ ಅಜ್ಜಿಯ ಕಿವಿಯಲ್ಲಿ ಉಳಿಯಿತು. ಮಿಕ್ಕದ್ದೆಲ್ಲ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಗೆ ಹೋಯಿತು. ನನಗೋ ಅರವತ್ತೆಂಟಾಯಿತು, ಮಗಳು ಎಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾಳೆ, ನಾಳೆ ಈ ಕೂಸು ದೊಡ್ಡದಾಗಿ ಊರೂರು ತಿರುಗುವಾಗ ಯಾರು ಕಾಯುತ್ತಾರೆ ಎಂದು ಅವಳು ಮಗ್ಗಲು ಬದಲಿಸುತ್ತ ಯೋಚಿಸಿದಳು. ಪ್ರೀತಿಯಿಂದಲೇ ಯೋಚಿಸಿದಳು, ಅದರಲ್ಲಿ ಎರಡು ಮಾತಿಲ್ಲ. ಕೆಟ್ಟ ಮನಸ್ಸಿನಿಂದ ಯೋಚಿಸಿದ್ದರೆ ಎಲ್ಲೋ ಒಂದು ಕಡೆ ಅಳುಕಾದರೂ ಇರುತ್ತಿತ್ತು.

ರಸ್ತೆಯ ಮೂಲೆಯಲ್ಲಿ ಚಹಾದ ಅಂಗಡಿಯೊಂದಿತ್ತು. ಮನೆಯಲ್ಲಿ ಹಾಲಿಲ್ಲದ ಕಾರಣ ಅಜ್ಜಿ ದಿನಾ ಬೆಳಿಗ್ಗೆ ಎಂಟೂಕಾಲಿಗೆ ಅಲ್ಲಿ ಹೋಗಿ ಒಂದು ಲೋಟ ಚಹಾ ಕುಡಿದು, ಬಾಯಿ ಮುಕ್ಕಳಿಸಿ, ಕೈಗೆ ಎರಡು ಸಲ ಸೋಪು ಹಾಕಿ ತೊಳೆದು ವಾಪಸ್ಸಾಗುತ್ತಿದ್ದಳು. ಅಷ್ಟು ಹೊತ್ತು ಜೀರುಂಡೆ ಕೆಳಗಿನ ಮನೆಯಲ್ಲಿ ಆಡುತ್ತಿದ್ದಳು. ಮರುದಿನ ಅಜ್ಜಿ ತನ್ನ ಕಣ್ಣಿನ ಔಷಧಿಯ ಖಾಲಿ ಬಾಟಲಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಸೆರಗಿನಲ್ಲಿ ಸಿಕ್ಕಿಸಿಕೊಂಡು ಹೋಗಿ, ಅದರಲ್ಲಿ ಚೂರು ಹಾಲು ತುಂಬಿಸಿಕೊಂಡು ಬಂದಳು. ಒಂದು ಹನಿ ಹಾಲನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ, ಆ ನೀರಿನಿಂದ ಒಂದೇ ಒಂದು ಹನಿ. ಗಡಿಯಾರದಲ್ಲಿ ಒಂಬತ್ತು. ಫ್ರೀಜರಿನ ಬಾಗಿಲು ತೆಗೆದಳು, ಕೆಂಪು ಮುಚ್ಚಳ ಎತ್ತಿದಳು, ಕಡ್ಡಿ ಚುಚ್ಚಿದಳು, ಪಕ್ಕದ ಕುಳಿಗೆ ಹನಿ ಬಿಟ್ಟಳು. ಕುಳಿ ಮುಚ್ಚಿಕೊಂಡಿತು. ಅಜ್ಜಿ ಮುಚ್ಚಳ ಹಾಕಿ ಕೈ ಒರೆಸಿಕೊಂಡು ತರಕಾರಿ ಹೆಚ್ಚಲು ಕೂತಳು.

ಆ ಸಂಜೆ ಐದಕ್ಕೆ ಮಗಳು ಐಸ್ ಕಡ್ಡಿಯನ್ನು ಮಗುವಿನ ಕೈಗೆ ಕೊಟ್ಟಾಗ ಅಜ್ಜಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹಳದಿ ಚೀಲ ಎಷ್ಟು ಹೆಜ್ಜೆ ದೂರ ಎಂದು ಮನಸ್ಸಿನಲ್ಲೇ ಎಣಿಸಿದಳು, ಒಂಬತ್ತು ಹೆಜ್ಜೆ. ಮಗು ತಿಂದಿತು, ಕಡ್ಡಿ ನೆಕ್ಕಿತು, ಶಾಲೆಯ ಕತೆ ಹೇಳುತ್ತ ಹೇಳುತ್ತ ಕೋಣೆಯೆಲ್ಲ ಸುತ್ತಿತು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಏನೂ ಆಗಲಿಲ್ಲ.

"ಏನಮ್ಮ, ಅವಳನ್ನ ಹಾಗೆ ದುರುಗುಟ್ಕೊಂಡು ನೋಡ್ತಿದ್ದೀಯಾ? ದೃಷ್ಟಿಯಾಗುತ್ತೆ," ಎಂದು ಮಗಳು ನಕ್ಕಳು.

ಎರಡನೆಯ ದಿನವೂ ಏನೂ ಆಗಲಿಲ್ಲ, ಹತ್ತನೆಯ ದಿನವೂ ಆಗಲಿಲ್ಲ. ಅಜ್ಜಿ ದುಡುಕಿನವಳಲ್ಲ. ನೀರು ಬೆರೆಸಿದ್ದು ಎರಡು ಹನಿ, ಮೂರು ಹನಿ, ಆಮೇಲೆ ನೀರು ಕಡಿಮೆ, ಆಮೇಲೆ ನೀರಿಲ್ಲದ ಹಾಲು ಅರ್ಧ ಹನಿ, ಒಂದು ಹನಿ. ಕಲ್ಲಂಗಡಿಯ ದಿನ ರಸದ ಬಣ್ಣ ತಿಳಿಯಾದೀತೆಂದು ಹನಿಯನ್ನು ಕಡ್ಡಿಯಿಂದ ಕಲಕಿ ಆಳಕ್ಕೆ ಇಳಿಸಿದಳು. ಬಾಳೆಹಣ್ಣಿನ ದಿನ ಆ ಕಷ್ಟವಿರಲಿಲ್ಲ, ಬಿಳಿಯಲ್ಲಿ ಬಿಳಿ ಸೇರಿಹೋಗುತ್ತಿತ್ತು. ಮಗಳು ಪ್ರತಿ ಸಂಜೆ ಅಚ್ಚಿನಿಂದ ಬಿಡಿಸುವಾಗ ಅದನ್ನು ಬೆಳಕಿಗೆ ಹಿಡಿದು ನೋಡುವುದು ರೂಢಿ. ಗಾಜು ನೋಡುವ ಕಣ್ಣು ಅದು. ಆ ಕಣ್ಣಿಗೂ ಏನೂ ಕಾಣಲಿಲ್ಲ. ಮೂವತ್ತೊಂದು ವರ್ಷದ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂತಲ್ಲ ಎಂದು ಅಜ್ಜಿ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು.

ದಿನ ಕಳೆದಂತೆ ಅವಳ ಹೆದರಿಕೆ ಕರಗಿತು. ಮೊದಲ ವಾರ ಮಗು ತಿನ್ನುವಾಗ ಅವಳು ಹಳದಿ ಚೀಲದ ಪಕ್ಕದಲ್ಲೇ ಕೂರುತ್ತಿದ್ದಳು. ಎರಡನೆಯ ವಾರ ಕಿಟಕಿಯ ಹತ್ತಿರ. ಮೂರನೆಯ ವಾರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಇದ್ದುಬಿಟ್ಟಳು.

ಇಪ್ಪತ್ತೊಂದನೆಯ ದಿನ ಅನಾನಸ್. ಹಾಲು ಎಂಟು ಹನಿ. ತಿನ್ನುತ್ತ ತಿನ್ನುತ್ತ ಜೀರುಂಡೆ ತುಟಿಯನ್ನು ತೋಳಿಗೆ ಉಜ್ಜಿಕೊಂಡಳು.

"ಅಮ್ಮ, ತುಟಿ ಚುರುಚುರು ಅಂತಿದೆ."

ಮಗಳು ತಕ್ಷಣ ಮಂಡಿಯೂರಿ ಕೂತು ಮಗುವಿನ ಗಲ್ಲ ಎತ್ತಿ ಬೆಳಕಿಗೆ ಹಿಡಿದಳು. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿಯ ಕೈಯ ಪಾತ್ರೆ ಕೈಯಲ್ಲೇ ನಿಂತಿತು.

"ಅನಾನಸ್ ಕಣೇ ಅದು," ಎಂದಳು ಅಜ್ಜಿ. ಧ್ವನಿ ಅವಳಿಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಂತು. "ನನ್ನ ನಾಲಿಗೆಗೂ ಚುರುಗುಟ್ಟುತ್ತೆ. ಹುಳಿ ಜಾಸ್ತಿ ಇದೆ."

"ಇರ್ಬೇಕು," ಎಂದಳು ಮಗಳು. ಆದರೂ ಒಂದು ಗಂಟೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇದ್ದಳು. "ಇನ್ಮೇಲೆ ಅನಾನಸ್ ಬೇಡ ಬಿಡು." ಜೀರುಂಡೆಗೆ ಅನಾನಸ್ ಎಂದರೆ ಪ್ರಾಣ, ಮುಖ ಊದಿಸಿಕೊಂಡು ಮಂಚದ ಕೆಳಗೆ ಹೋಗಿ ಕೂತಳು. ಮೊದಲೇ ಅವಳಿಗೆ ತಿನ್ನಲು ಇದ್ದದ್ದು ನಾಲ್ಕು ಪದಾರ್ಥ, ಅದರಲ್ಲಿ ಒಂದು ಅಂದು ಕಡಿಮೆಯಾಯಿತು.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ಗಿರಣಿಯಲ್ಲಿ ಕೈ ಕೆರೆಯಲು ಶುರುವಾದಾಗ ಓಡಿಹೋದವರ ಮುಖಗಳು ಅಜ್ಜಿಯ ಕಣ್ಣ ಮುಂದೆ ಬಂದವು. ಇದೇ ಗಳಿಗೆ, ಇಲ್ಲಿ ಬಿಟ್ಟರೆ ಎಲ್ಲಾ ವ್ಯರ್ಥ ಎಂದುಕೊಂಡಳು. ಹೆಚ್ಚಿಸಲು ಮಾತ್ರ ಹೋಗಲಿಲ್ಲ, ಎಂಟೇ ಹನಿಯಲ್ಲಿ ನಿಂತಳು. ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು. ಮಗು ಗುಂಡುಕಲ್ಲಿನ ಹಾಗೆ ಇತ್ತು. ಶಾಲೆ ಶುರುವಾಗುವ ಹಿಂದಿನ ದಿನ ಮಗಳನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಬೇಕು, ಅವಳು ಮೊದಲು ಬೈದು ಆಮೇಲೆ ತಬ್ಬಿಕೊಂಡು ಅಳುತ್ತಾಳೆ, ಆಗ ತಾನು ಏನು ಹೇಳಬೇಕು ಎಂಬುದನ್ನೂ ಅಜ್ಜಿ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದಳು.

ಇಪ್ಪತ್ತಾರನೆಯ ದಿನ ಬಿಸಿಲು ಕೆಂಡದ ಹಾಗೆ ಸುರಿಯುತ್ತಿತ್ತು. ಆ ವಾರ ರಸ್ತೆಯಲ್ಲಿ ಇಬ್ಬರು ತಲೆ ತಿರುಗಿ ಬಿದ್ದಿದ್ದರು, ಅಂಚೆಯವನೊಬ್ಬ, ಎದುರು ಮನೆಯ ಗಾರೆ ಕೆಲಸದವನೊಬ್ಬ. ಅಚ್ಚಿನಲ್ಲಿ ಕಪ್ಪು ದ್ರಾಕ್ಷಿ. ಬೀಜ ಒಂದೊಂದಾಗಿ ತೆಗೆದು ಮಗಳ ಬೆರಳ ತುದಿಯೆಲ್ಲ ನೇರಳೆಯಾಗಿತ್ತು. ಒಂಬತ್ತಕ್ಕೆ ಅಜ್ಜಿ ಕಡ್ಡಿ ಚುಚ್ಚಿದಳು, ಎಂಟು ಹನಿ ಬಿಟ್ಟಳು. ನಿನ್ನೆಯಷ್ಟೇ, ಮೊನ್ನೆಯಷ್ಟೇ. ಒಂದು ಹನಿಯೂ ಹೆಚ್ಚಿರಲಿಲ್ಲ.

ನಾಲ್ಕಕ್ಕೆ ಜೀರುಂಡೆ ಹಗ್ಗ ತೆಗೆದುಕೊಂಡು ತಾರಸಿಗೆ ಹೋದಳು. ಕೆಳಗಿನ ಮನೆಯವಳ ಜೊತೆ ಪಂದ್ಯ, ತಪ್ಪದೆ ನೂರು ಸಲ ಹಗ್ಗ ಹಾರಬೇಕು. ತಲೆಯ ಮೇಲೆ ಧಬಧಬ ಸದ್ದು ನಿಂತೇ ಇರಲಿಲ್ಲ. ಐದಕ್ಕೆ ಮಗಳು ಬಂದು ಕೈ ತೊಳೆದು ಕೂಗಿದಳು. ಮಗು ಬೆವರಿನಲ್ಲಿ ಮಿಂದು, ಕೆನ್ನೆ ಕೆಂಪಗೆ ಮಾಡಿಕೊಂಡು ಓಡಿ ಬಂತು. ಅಮ್ಮನ ಕೈಯಿಂದ ಐಸ್ ಕಡ್ಡಿ ಕಿತ್ತುಕೊಂಡು ನಿಂತ ನಿಲುವಿನಲ್ಲೇ ಕಚ್ಚಿ ಕಚ್ಚಿ ತಿಂದು, "ಎಂಬತ್ತೇಳರ ತನಕ ಬಂದಿದ್ದೆ, ಇನ್ನು ಸ್ವಲ್ಪನೇ," ಎಂದು ಮತ್ತೆ ಮೇಲೆ ಓಡಿತು.

ಧಬಧಬ ಸದ್ದು ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿನಲ್ಲಿ ನಿಂತಿತು. ಮೆಟ್ಟಿಲಿನಲ್ಲಿ ಒಂದೊಂದೇ ಹೆಜ್ಜೆ ಕೇಳಿಸಿತು.

ಬಾಗಿಲಲ್ಲಿ ನಿಂತ ಮಗು ಎರಡು ಅಂಗೈಯನ್ನೂ ಫ್ರಾಕಿಗೆ ಉಜ್ಜಿಕೊಳ್ಳುತ್ತಿತ್ತು. "ಅಂಗೈ ಕೆರೀತಿದೆ," ಎಂದಿತು. ಆಮೇಲೆ ಕೆಮ್ಮಿತು. ಆಮೇಲೆ ಗೋಡೆ ಹಿಡಿದು ನೇರಳೆ ಬಣ್ಣದ ವಾಂತಿ ಮಾಡಿತು.

"ಬೇಡ ಬೇಡ ಅಂದ್ರೂ ಈ ಬಿಸಿಲಲ್ಲಿ ಕುಣೀತೀಯಲ್ಲ!" ಎನ್ನುತ್ತ ಮಗಳು ಓಡಿ ಹೋಗಿ ಅದನ್ನು ಎತ್ತಿಕೊಂಡಳು. ಫ್ಯಾನಿನ ಕೆಳಗೆ ಮಲಗಿಸಿ ಒದ್ದೆ ಬಟ್ಟೆ ತಂದಳು. ಒಂದು ಕ್ಷಣ ತಲೆಯೆತ್ತಿ ಹಳದಿ ಚೀಲವನ್ನು ನೋಡಿದಳು. ಆದರೆ ಹಾಲು ಎಲ್ಲಿಂದ ಬರಬೇಕು? ದ್ರಾಕ್ಷಿಯ ಒಂದೊಂದು ಹಣ್ಣನ್ನೂ ತಾನೇ ತೊಳೆದಿದ್ದಳು. ಅಂಚೆಯವನು ಬಿದ್ದಾಗಲೂ ವಾಂತಿ ಮಾಡಿಕೊಂಡಿದ್ದನಂತೆ.

"ಮೇಲೆ ಯಾರಾದ್ರೂ ಏನಾದ್ರೂ ಕೊಟ್ರಾ ಕಂದ?"

ಮಗು ಇಲ್ಲವೆಂದು ತಲೆಯಾಡಿಸಿತು.

"ಅಮ್ಮ, ಮಧ್ಯಾಹ್ನ ಏನು ಕೊಟ್ಟೆ ಇವಳಿಗೆ?"

"ನೀನು ಮಾಡಿಟ್ಟಿದ್ದೇ."

"ಬೇರೆ ಏನಾದ್ರೂ?"

"ಇಲ್ಲ," ಎಂದಳು ಅಜ್ಜಿ.

ಆ ಇಲ್ಲ ಹೇಗೆ ಬಂತೋ ಅವಳಿಗೇ ತಿಳಿಯದು. ಇಪ್ಪತ್ತಾರು ದಿನ ಬಾಯಿಗೆ ಹಾಕಿಕೊಂಡ ಬೀಗ ಹಾಗೆಯೇ ಇತ್ತು. ಮಗಳು ಬಟ್ಟೆ ಹಿಂಡಿ ಹಣೆಗೆ ಹಾಕಿದಳು, ಮತ್ತೆ ಹಿಂಡಿದಳು. ಇದು ಬಿಸಿಲೇ ಇರಬೇಕು, ನಿನ್ನೆ ಇಷ್ಟೇ ಹನಿಗೆ ಏನೂ ಆಗಲಿಲ್ಲವಲ್ಲ, ಈಗ ಇಳಿಯುತ್ತದೆ ಎಂದು ಅಜ್ಜಿ ಗೋಡೆಗೊರಗಿ ತನಗೆ ತಾನೇ ಹೇಳಿಕೊಂಡಳು. ಹೇಳಿದರೆ ಮಗಳು ತನ್ನನ್ನು ಹೇಗೆ ನೋಡುತ್ತಾಳೆ ಎಂಬುದು ಅವಳ ಕಣ್ಣಿಗೆ ಕಟ್ಟಿತು. ಎಷ್ಟು ಹೊತ್ತು ಹಾಗೆ ನಿಂತಿದ್ದಳು? ಎರಡು ನಿಮಿಷವೋ ಮೂರೋ. ಎಂದೂ ಬಾಯಿ ಮುಚ್ಚದ ಮಗು ಒಂದು ಮಾತೂ ಆಡದೆ ಮಲಗಿತ್ತು. ಬಾಯಿ ತೆರೆದಾಗ ಬಂದದ್ದು ಮುದುಕಿಯೊಬ್ಬಳ ಗೊಗ್ಗರು ದನಿ. "ಅಮ್ಮ, ಗಂಟಲು..."

ಅಜ್ಜಿ ಮಗುವಿನ ತುಟಿ ನೋಡಿದಳು. ಬಣ್ಣ ನೋಡುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅದು ದ್ರಾಕ್ಷಿಯ ನೇರಳೆಯಲ್ಲ. ಒಳಗಿನಿಂದ ಏರುತ್ತಿದ್ದ ಬೂದಿ ಬಣ್ಣ ಅದು, ಅವಳು ನೋಡನೋಡುತ್ತಿದ್ದಂತೆ ಇನ್ನೊಂದು ಹನಿಯಷ್ಟು ಗಾಢವಾಯಿತು.

"ಹಾಲು," ಎಂದಳು. "ಅದರಲ್ಲಿ ಹಾಲಿದೆ. ನಾನೇ ಹಾಕಿದ್ದು. ಸೂಜಿ ಹಾಕು, ಸೂಜಿ ಹಾಕೇ!"

ಮಗಳು ಏನು, ಯಾಕೆ, ಹೇಗೆ ಒಂದನ್ನೂ ಕೇಳಲಿಲ್ಲ. ಚೀಲವನ್ನು ಮೊಳೆಯ ಸಮೇತ ಕಿತ್ತು ತಂದು, ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಎಳೆದು ಮಗುವಿನ ತೊಡೆಗೆ ಒತ್ತಿ ಹಿಡಿದಳು. ಅಜ್ಜಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಕೆಳಗಿನ ಮನೆಯವರು ಕಾರು ತೆಗೆದರು. ದಾರಿಯಲ್ಲಿ ಎರಡನೆಯ ಪೆನ್ನನ್ನೂ ಚುಚ್ಚಬೇಕಾಯಿತು. ಹಿಂದಿನ ಸೀಟಿನ ಮೂಲೆಯಲ್ಲಿ ಅಜ್ಜಿ ಮಗುವಿನ ಪಾದ ಹಿಡಿದುಕೊಂಡು ಕೂತಿದ್ದಳು, ಪಾದ ಐಸಿನಂತೆ ತಣ್ಣಗಿತ್ತು.

ಮಗು ಬದುಕಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರ ಜೀವವನ್ನು ಸುಮ್ಮನೆ ಆಡಿಸುವುದು ನನಗೆ ಸೇರದು. ಮೂಗಿಗೆ ನಳಿಕೆ, ಕೈಗೆ ಸೂಜಿ, ಎದೆಗೆ ತಂತಿ ಹಾಕಿಸಿಕೊಂಡು, ರಾತ್ರಿ ಎಂಟರ ಹೊತ್ತಿಗೆ ಉಸಿರು ಹದಕ್ಕೆ ಬಂದು ನಿದ್ದೆ ಹೋಯಿತು. ಡಾಕ್ಟರಮ್ಮ ಹೊರಗೆ ಬಂದು ಬೆಂಚಿನ ಮೇಲೆ ಅಜ್ಜಿಯ ಪಕ್ಕದಲ್ಲೇ ಕೂತರು. ಏನು, ಎಷ್ಟು, ಎಷ್ಟು ದಿನ ಎಂದು ಕೇಳಿದರು. ಅಜ್ಜಿ ಒಂದು ಹನಿಯನ್ನೂ ಮುಚ್ಚಿಡದೆ ಹೇಳಿದಳು.

"ಇದನ್ನೇ ನಾವೂ ಮಾಡೋದು, ಅಮ್ಮ," ಎಂದರು ಡಾಕ್ಟರಮ್ಮ. ಅಜ್ಜಿ ತಲೆಯೆತ್ತಿದಳು. "ಆದ್ರೆ ಪ್ರತಿ ಹನಿ ಏರಿಸುವಾಗ್ಲೂ ಮಗು ನಮ್ಮೆದುರಿಗೆ ಇರುತ್ತೆ. ಮನೇಲಿ ಕೊಡೋ ದಿನ ಓಡ್ಬಾರ್ದು, ಕುಣೀಬಾರ್ದು, ಜ್ವರ ಇದ್ರೆ ಕೊಡ್ಬಾರ್ದು. ನಿನ್ನೆ ಸುಮ್ನಿದ್ದ ಎಂಟು ಹನಿ ಮೈ ಕಾದಾಗ ಇವತ್ತು ಎದ್ದು ನಿಲ್ಲುತ್ತೆ. ಅದಕ್ಕೇ ಮನೆಯವರಿಗೆಲ್ಲ ಗೊತ್ತಿರ್ಬೇಕು. ನಿಮ್ಮ ಮಗಳಿಗೆ ಗೊತ್ತಿದ್ದಿದ್ರೆ ಮಗು ಬಾಗಿಲಲ್ಲಿ ಕೆಮ್ಮಿದಾಗ್ಲೇ ಸೂಜಿ ಹಾಕಿರೋರು."

ಮಗಳು ಎದುರಿನ ಗೋಡೆಗೆ ಒರಗಿ ನಿಂತಿದ್ದಳು. ಬೈದುಬಿಡಲಿ, ಕೆನ್ನೆಗೆ ಬಾರಿಸಿಬಿಡಲಿ ಎಂದು ಅಜ್ಜಿ ಕಾದಳು. ಮಗಳು ವಾರ್ಡಿನ ಒಳಗೆ ಹೋದಳು.

ಬೆಳಿಗ್ಗೆ ಏಳಕ್ಕೆ ಮಗುವಿಗೆ ಎಚ್ಚರವಾಯಿತು. ತುಟಿ ಇನ್ನೂ ದಪ್ಪಗಿತ್ತು. ನೀರು ಕೊಡಬಹುದು ಎಂದು ನರ್ಸ್ ಹೇಳಿ ಹೋದಳು. ಮಗಳು ಲೋಟಕ್ಕೆ ನೀರು ಬಗ್ಗಿಸಿ, ಮಗುವಿನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ, ಲೋಟವನ್ನು ಬಾಯಿಯ ಹತ್ತಿರ ಹಿಡಿದಳು. ಮಗು ಲೋಟದೊಳಗೆ ಬಗ್ಗಿ ನೋಡಿತು. ತುಟಿಯನ್ನು ಬಿಗಿಯಾಗಿ ಒಳಕ್ಕೆಳೆದುಕೊಂಡಿತು.

"ಬಾಯಾರಿಕೆ ಇಲ್ವಾ ಕಂದ?"

"ಇದೆ."

"ಮತ್ತೆ ಕುಡಿ."

ಮಗು ತಲೆಯಾಡಿಸಿತು.

"ನೀರು ಕಣೇ. ಬರೀ ನೀರು."

"ಐಸ್ ಕಡ್ಡೀನೂ ಬರೀ ದ್ರಾಕ್ಷಿ ಅಂದಿದ್ದೆ ನೀನು," ಎಂದಿತು ಮಗು.

ಮಗಳು ಲೋಟವನ್ನು ಕೆಳಗಿಳಿಸಿದಳು. ನಾಲ್ಕೂವರೆ ವರ್ಷ ಕಾದು ಉಳಿಸಿಕೊಂಡದ್ದು ಅದೊಂದೇ, ತನ್ನ ಕೈಯಿಂದ ಮಗು ಕಣ್ಣು ಮುಚ್ಚಿ ತಿನ್ನಬೇಕು ಎಂಬುದು. ಈಗ ಮಗು ಆ ಕೈಯನ್ನೇ ನೋಡುತ್ತ ದಿಂಬಿಗೆ ಒತ್ತಿಕೊಂಡು ಹಿಂದೆ ಸರಿದಿತ್ತು. ಮಗಳು ನಿನ್ನೆ ಸಂಜೆಯಿಂದ ಮೊದಲ ಸಲ ತಾಯಿಯ ಮುಖ ನೋಡಿದಳು. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಅಜ್ಜಿ ಮಂಚದ ಅಂಚು ಹಿಡಿದು ಬಗ್ಗಿದಳು. ಮಗಳ ಮುಂದೆ ಹೇಳಲು ಸಿದ್ಧಮಾಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಇಲ್ಲಿಗೆ ಹೊಂದುವಂಥದ್ದಾಗಿರಲಿಲ್ಲ.

"ಅಮ್ಮ ಅಲ್ಲ, ಪುಟ್ಟಿ. ಅಮ್ಮಂಗೆ ಗೊತ್ತೇ ಇರ್ಲಿಲ್ಲ. ಹಾಲು ಹಾಕಿದ್ದು ನಾನು."

ಮಗು ರೆಪ್ಪೆ ಮಿಟುಕಿಸದೆ ನೋಡಿತು. "ಯಾಕೆ?"

"ನಿಂಗೆ ರೂಢಿಯಾಗ್ಲಿ ಅಂತ. ಎಲ್ಲರ ಜೊತೆ ಕೂತು ತಿನ್ಲಿ ಅಂತ."

"ನಿನ್ನೆ ಮಾತ್ರಾನಾ?"

ಹೌದು ಎಂದುಬಿಡಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಮಗಳು ಪಕ್ಕದಲ್ಲಿ ನಿಂತಿದ್ದಳು.

"ಇಲ್ಲ. ಇಪ್ಪತ್ತಾರು ದಿನ."

ಮಗು ಸೂಜಿ ಚುಚ್ಚಿದ ಕೈಯನ್ನು ಹೊದಿಕೆಯ ಮೇಲಿಟ್ಟುಕೊಂಡು ಬೆರಳು ಮಡಚತೊಡಗಿತು. "ಅನಾನಸ್ ದಿನ?"

"ಹೂಂ."

"ಅಪ್ಪ ಬಂದಿದ್ನಲ್ಲ, ಮಾವಿನಹಣ್ಣಿಂದು, ನಾವೆಲ್ಲ ತಾರಸಿ ಮೇಲೆ ಕೂತಿದ್ವಲ್ಲ, ಆವತ್ತು?"

"ಹೂಂ."

"ಆವತ್ತು ನೀನು ನಂಗೆ ಕತೆ ಹೇಳ್ತಿದ್ದೆ," ಎಂದಿತು ಮಗು. "ನಗ್ತಾ ಇದ್ದೆ."

ಮಗುವಿನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅದನ್ನು ಹೇಗಾದರೂ ರಮಿಸಬಹುದಿತ್ತು. ಅಜ್ಜಿಯ ಜೊತೆ ಕಳೆದ ಒಂದೊಂದು ಒಳ್ಳೆಯ ದಿನವನ್ನೂ ಅದು ತೆಗೆದು ತಿರುಗಿಸಿ ನೋಡಿ ಪಕ್ಕಕ್ಕಿಡುತ್ತಿತ್ತು, ಅಷ್ಟೇ.

ಆಮೇಲೆ ಅದು ಅಮ್ಮನ ಕಡೆ ತಿರುಗಿತು. "ಅಮ್ಮ, ನೀನು ಮೊದಲು ಕುಡಿ."

ಮಗಳು ಲೋಟವನ್ನು ತುಟಿಗಿಟ್ಟು ಒಂದು ಗುಟುಕು ಕುಡಿದಳು. ಮಗು ಅವಳ ಗಂಟಲನ್ನೇ ನೋಡುತ್ತ ಕಾದಿತು. ಗಟ್ಟಿಯಾಗಿ ಎಣಿಸಿತು, ಒಂದರಿಂದ ಐವತ್ತರವರೆಗೆ. ಕೊನೆಗೆ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಗಟಗಟ ಕುಡಿದು ಮುಗಿಸಿತು, ಪಾಪ, ಎಷ್ಟು ಬಾಯಾರಿತ್ತೋ. ಖಾಲಿ ಲೋಟ ತೆಗೆದುಕೊಳ್ಳಲು ಅಜ್ಜಿ ಕೈ ಚಾಚಿದಳು. ಮಗು ಲೋಟವನ್ನು ಎದೆಗವಚಿಕೊಂಡಿತು.